ದರ್ಜಿ ರಜಾಕ್ ಕಾಲೇಜಿಗೆ ಹೊರಟದ್ದು

ಮುಳಬಾಗಿಲಿನ ಪೇಟೆ ಬೀದಿಯಲ್ಲಿ ಅಬ್ದುಲ್ ರಜಾಕನ ಹೊಲಿಗೆ ಅಂಗಡಿ ಎಂದರೆ ಒಂದು ಜಗಲಿ, ಒಂದು ಮಿಷನ್ನು, ಮೇಲೆ ಹೆಂಚುಗಳ ನಡುವೆ ಕೂರಿಸಿದ್ದ ಒಂದು ಗಾಜು, ಅಷ್ಟೇ. ಹಿಂದೆಯೇ ಮನೆ, ನಡುವೆ ಒಂದು ಪರದೆ. ಪರದೆಯ ಆಚೆ ಅವನ ಹೆಂಡತಿ ಜೈನಾಬ್ ಕೂತು ಕಾಜಾ ಹೊಲಿದು ಗುಂಡಿ ಹಾಕುತ್ತಿದ್ದಳು. ಈಚೆ ರಜಾಕ್ ಕನಸು ಕಾಣುತ್ತಿದ್ದ. ಹೊಲಿಯುತ್ತಲೂ ಇದ್ದ, ಇಲ್ಲವೆಂದರೆ ಪಾಪ ಬಂದೀತು. ಆದರೆ ಕಾಲು ಪೆಡಲಿನ ಮೇಲಿದ್ದರೆ ತಲೆ ಬೆಂಗಳೂರಿನಲ್ಲಿರುತ್ತಿತ್ತು.

ಹದಿನೇಳಕ್ಕೇ ಮೆಟ್ರಿಕ್ ಪಾಸು ಮಾಡಿದ್ದವನು ಅವನು. ಪಾಸಾದ ಬೇಸಿಗೆಯಲ್ಲೇ ತಂದೆ ತೀರಿಕೊಂಡರು. ತಂಗಿಯರಿಬ್ಬರು, ತಮ್ಮನೊಬ್ಬ, ಎಲ್ಲರ ಹೊಟ್ಟೆಯೂ ಆ ಮಿಷನ್ನಿನ ಮೇಲೆ. ಸ್ವಲ್ಪ ದಿನಕ್ಕೆಂದು ಅದರ ಮುಂದೆ ಕೂತವನು ತಲೆಯೆತ್ತಿ ನೋಡುವಷ್ಟರಲ್ಲಿ ಮೂವತ್ತನಾಲ್ಕಾಗಿತ್ತು. ತಂಗಿಯರು ಗಂಡನ ಮನೆ ಸೇರಿದ್ದರು, ತಮ್ಮ ಚಿನ್ನದ ಗಣಿಯ ಕೆಲಸಕ್ಕೆ ಸೇರಿದ್ದ. ರಜಾಕನಿಗೂ ಜೈನಾಬಳಿಗೂ ಮಕ್ಕಳಾಗಲಿಲ್ಲ.

ಬೇಸಿಗೆ ಮುಗಿಯುತ್ತಾ ಬಂದರೆ, ಕಾಲೇಜಿಗೆ ಹೊರಟ ಊರ ಹುಡುಗರು ಕತ್ತಿನ ತನಕ ಗುಂಡಿಯಿರುವ ಕೋಟು ಹೊಲಿಸಲು ಇವನ ಜಗಲಿಗೇ ಬರುತ್ತಿದ್ದರು. ಎದೆಯ ಸುತ್ತ ಟೇಪು ಹಿಡಿದು, "ಅಲ್ಲಿ ಏನೇನ್ ಹೇಳ್ಕೊಡ್ತಾರಪ್ಪಾ?" ಎಂದು ಕೇಳುವುದು ಇವನ ಚಾಳಿ. ಹೀಗೇ ಒಬ್ಬ ಹುಡುಗ ಒಂದು ವರ್ಷ ಮೂರು ಮೂಲೆಯ ಗಾಜಿನ ವಿಷಯ ಹೇಳಿದ. ಬಿಸಿಲನ್ನು ಅದರೊಳಗೆ ಹಾಯಿಸಿದರೆ ಆಚೆ ಕಡೆ ಏಳು ಬಣ್ಣವಾಗಿ ಬೀಳುತ್ತದಂತೆ. ಅಲ್ಲಿಗೆ ಮುಗಿಯಿತು ನೋಡಿ ರಜಾಕನ ಕಥೆ!

ಮಧ್ಯಾಹ್ನ ಹೆಂಚಿನ ಗಾಜಿನಿಂದ ಬಿಸಿಲು ಇಳಿದು ಬಟ್ಟೆಯ ಮೇಲೆ ಮಲಗುತ್ತಿತ್ತು. ಇಷ್ಟು ಬೆಳ್ಳಗಿರುವ ಬಿಸಿಲಲ್ಲಿ ಕೆಂಪು ಎಲ್ಲಿದೆ, ನೀಲಿ ಎಲ್ಲಿದೆ, ಯಾರು ನೇಯ್ದರು ಇದನ್ನು? ನೋಡುತ್ತಾ ನೋಡುತ್ತಾ ಬೀದಿಯ ಸದ್ದು ಕರಗುತ್ತಿತ್ತು, ಎತ್ತಿನ ಗಾಡಿಗಳು ಮಂಜಿನಲ್ಲಿ ಹೋದ ಹಾಗೆ ಹೋಗುತ್ತಿದ್ದವು. ಮೆಟ್ಟಿಲು ಮೆಟ್ಟಿಲಾಗಿ ಬೆಂಚುಗಳು, ಕತ್ತಲೆ ಮಾಡಿದ ಕೋಣೆ, ಗೋಡೆಯ ಮೇಲೆ ಏಳು ಬಣ್ಣದ ಒಂದು ಪಟ್ಟಿ. ರಜಾಕ್ ಮೂರನೇ ಬೆಂಚಿನಲ್ಲಿ ಕೂತಿರುತ್ತಿದ್ದ. ಅಂಥ ಒಂದು ಮಧ್ಯಾಹ್ನ ಚನ್ನರಾಯಪ್ಪನೆಂಬ ರೈತನ ಅಂಗಿಯ ತೋಳಿನ ಬಾಯನ್ನೇ ಹೊಲಿದು ಮುಚ್ಚಿಬಿಟ್ಟ. ಆತ ಕೈ ತೂರಿಸಿ, "ಏನ್ ಸಾಬ್ರೇ, ಕೈ ಹೊರಗ್ ಬರೋಕೆ ಬೇರೆ ಕೂಲಿ ಕೊಡ್ಬೇಕಾ?" ಎಂದ.

ಯುದ್ಧದ ಕಾಲ, ಬಸ್ಸುಗಳು ಇದ್ದಿಲಿನಲ್ಲಿ ಓಡುತ್ತಿದ್ದ ವರ್ಷ. ಈ ಸಲ ಹೋಗಿಯೇ ಹೋಗುವುದೆಂದು ರಜಾಕ್ ನಿಶ್ಚಯಿಸಿದ. ಅರ್ಜಿ ಹಾಕಿದ, ಕಾಲೇಜಿನಿಂದ ಬರಲಿ ಎಂಬ ಉತ್ತರವೂ ಬಂತು. ಫೀಜಿಗೇನು ಮಾಡುವುದು? ರೈತರು ಹೊಲಿಗೆಯ ಕೂಲಿಗೆ ಸುಗ್ಗಿಯಲ್ಲಿ ರಾಗಿ ಅಳೆಯುತ್ತಿದ್ದರು. ಹೊಟ್ಟೆಗೆ ಮೋಸವಿಲ್ಲ, ಸರಿ. ಕಾಲೇಜಿನವರು ರಾಗಿ ಅಳೆಸಿಕೊಳ್ಳುತ್ತಾರೆಯೇ? ಉಳಿದದ್ದು ಒಂದೇ ದಾರಿ, ಮಿಷನ್ನು ಮಾರುವುದು. ಸುದ್ದಿ ತಿಳಿದು ಪೇಟೆಯೆಲ್ಲ ನಕ್ಕಿತು. ಅರಳುಮರಳು ಅರವತ್ತಕ್ಕೆ ಅಂತಾರೆ, ಇವನಿಗೆ ಮೂವತ್ತಕ್ಕೇ ಬಂತಲ್ಲ ಎಂದರು.

ಜೈನಾಬಳಿಗೆ ಹೇಳಿದಾಗ ಅವಳು ಒಂದು ಮಾತೂ ಆಡಲಿಲ್ಲ, ಕಾಜಾ ಹೊಲಿಯುತ್ತಲೇ ಇದ್ದಳು. ಒಪ್ಪಿದಳೆಂದುಕೊಂಡ. ಹೆಂಡತಿ ಸುಮ್ಮನಿದ್ದರೆ ಒಪ್ಪಿದಳು ಎಂದುಕೊಳ್ಳದ ಗಂಡಸು ಈ ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ.

ಮಿಷನ್ನು ಕೊಳ್ಳಲು ಶ್ರೀನಿವಾಸಪುರದ ದರ್ಜಿ ಗಂಗುಲಪ್ಪ ಗಾಡಿ ಕಟ್ಟಿಸಿಕೊಂಡು ಬಂದ. ರಜಾಕ್ ಮಿಷನ್ನಿಗೆ ಎಣ್ಣೆ ಬಿಟ್ಟು ಒರೆಸಿದ. ಒರೆಸಿದ್ದನ್ನೇ ಮತ್ತೆ ಒರೆಸಿದ. ಹದಿನೇಳು ವರ್ಷ ಅನ್ನ ಹಾಕಿದ್ದು. ಇದು ಹೋದ ಮೇಲೆ ಮುಂದಿನ ವರ್ಷದ ಫೀಜು ಎಲ್ಲಿಂದ, ಮನೆಯಲ್ಲಿ ಇವಳು ತಿನ್ನುವುದೇನು, ಅವನಿಗೂ ಗೊತ್ತಿರಲಿಲ್ಲ.

"ಏಮಪ್ಪಾ ರಜಾಕಣ್ಣ, ಎತ್ತಿಸ್ಲಾ?" ಎಂದ ಗಂಗುಲಪ್ಪ.

ಪರದೆಯ ಹಿಂದಿನಿಂದ ಜೈನಾಬ್ ಮಾತಾಡಿದಳು. ಮನೆಯಲ್ಲಿ ಅವರದು ದಖನಿ ಮಾತು. ಇವತ್ತು ಗಂಗುಲಪ್ಪನಿಗೂ ತಿಳಿಯಲೆಂದು ಕನ್ನಡದಲ್ಲೇ ಹೇಳಿದಳು: "ಮಿಷನ್ ಮಾರಲ್ಲಣ್ಣ. ನಿಮ್ಗೆ ತೊಂದ್ರೆ ಆಯ್ತು, ಚಾ ಕುಡ್ಕೊಂಡ್ ಹೋಗಿ."

ರಜಾಕನ ಕಿವಿ ಕೆಂಪಾಯಿತು. "ಏನ್ ಮಾತು ಇದು? ನಾನ್ ಹೋಗೋದು ಬ್ಯಾಡ್ವಾ?"

ಪರದೆಯ ಸಂದಿನಿಂದ ಒಂದು ಕೋಟು ಹೊರಬಂತು. ಅವರ ಮದುವೆಯಲ್ಲಿ ಅವಳ ಅಣ್ಣ ಕೊಟ್ಟಿದ್ದ ಕಪ್ಪು ಸರ್ಜು, ಪೆಟ್ಟಿಗೆಯ ತಳದಲ್ಲೇ ಇದ್ದ ಬಟ್ಟೆ. ಈಗ ಅದು ಕತ್ತಿನ ತನಕ ಗುಂಡಿಯಿರುವ ಕೋಟಾಗಿತ್ತು. ಯಾರು ಹೊಲಿದದ್ದು? ಶುಕ್ರವಾರ ಇವನು ಜುಮ್ಮಾ ನಮಾಜಿಗೆ ಹೋದಾಗಲೆಲ್ಲ ಅಂಗಡಿಯ ಬಾಗಿಲು ಹಾಕಿಕೊಂಡು ಅವಳು ಮಿಷನ್ನು ತುಳಿದು ಕಲಿತಿದ್ದಳಂತೆ. ಇವನ ಹಳೆಯ ಕೋಟು ಎದುರಿಗಿಟ್ಟುಕೊಂಡು ಅಳತೆ ತೆಗೆದಿದ್ದಳಂತೆ.

ದರ್ಜಿಯ ಕೈ ಸುಮ್ಮನಿರುತ್ತದೆಯೇ? ರಜಾಕ್ ಹೊಲಿಗೆ ನೋಡಿದ, ನೇರವಾಗಿತ್ತು. ಭುಜ ನೋಡಿದ, ಸರಿಯಾಗಿ ಕೂತಿತ್ತು. ತೋಳಿನ ತುದಿ ಮುಟ್ಟಿದಾಗ ದಪ್ಪಗೆ ಏನೋ ಸಿಕ್ಕಿತು. ಒಳಗೆ ಎರಡು ಬೆರಳಗಲ ಬಟ್ಟೆ ಮಡಿಸಿ ಸಡಿಲವಾಗಿ ಹೊಲಿದಿತ್ತು. ಕೆಳಗಿನ ಅಂಚಿನಲ್ಲೂ ಹಾಗೇ.

"ಇದೇನಿದು, ಇಲ್ಲಿ ಮಡಿಕೆ ಯಾಕೆ?"

"ಕಾಲೇಜ್ ಹುಡುಗ್ರ ಕೋಟಿಗೆಲ್ಲಾ ನೀವು ಹಂಗೇ ಬಿಡ್ತೀರಲ್ಲಾ, ಮುಂದಿನ್ ವರ್ಷ ಬೆಳೀತಾರೆ ಅಂತ? ನಾನೂ ಬಿಟ್ಟೆ."

ಗಂಗುಲಪ್ಪ ಚಹಾ ಹೀರುತ್ತಾ ನಕ್ಕ. "ಅಯ್ಯೋ ತಂಗೀ, ಮೂವತ್ನಾಕರ ಗಂಡಸು ಇನ್ನೆಲ್ಲಮ್ಮಾ ಬೆಳೀತಾನೆ?"

ತನ್ನ ತಪ್ಪು ಆಗ ಹೊಳೆಯಿತು ಅವಳಿಗೆ. ಆಮೇಲೆ ಜೈನಾಬ್ ನಿಧಾನವಾಗಿ ಹೇಳಿದಳು: "ಬೆಳೀದೇ ಇದ್ರೆ ಅಷ್ಟು ದೂರ ಹೋಗೋದ್ಯಾಕಣ್ಣ? ಪಕ್ಕದ ಬೀದಿ ಶ್ಯಾಮಲಮ್ಮನ ಮನೆ ಮದುವೆಗೆ ರವಿಕೆ, ಲಂಗ ಎಲ್ಲಾ ನಂಗೇ ಒಪ್ಸವ್ರೆ. ಮುಂಗಡಾನೂ ಕೊಟ್ಟವ್ರೆ. ಮೊದಲ್ನೇ ಕಂತಿನ ಫೀಜಿಗೆ ಆಗುತ್ತೆ. ಆಮೇಲಿಂದು ಆಮೇಲೆ ಹೊಲೀತೀನಿ. ಗಂಡಸರ ಬಟ್ಟೆಗೆ ಹಳೇ ಅಂಗಿ ಕಳಿಸಿದ್ರೆ ಸಾಕು, ಅಳತೆ ಸಿಗುತ್ತೆ."

ಹೆಂಡತಿಯ ದುಡಿಮೆಯಲ್ಲಿ ಓದುವುದೇ? ಪೇಟೆಯವರು ಏನೆಂದಾರು? ನಾಚಿಕೆಯೂ ಪ್ರೀತಿಯೂ ಒಟ್ಟಿಗೇ ನುಗ್ಗಿ ಬಂದು ರಜಾಕನ ಕಣ್ಣು ತುಂಬಿತು. ಹೋಗುವುದಿಲ್ಲ ಎನ್ನಲು ಬಾಯಿ ತೆರೆದ. ಕೋಟು ಕೈಯಲ್ಲೇ ಇತ್ತು. ಅದನ್ನೇ ತೊಟ್ಟುಕೊಂಡ. ಗಂಗುಲಪ್ಪ ಖಾಲಿ ಗಾಡಿ ಹೊಡೆಸಿಕೊಂಡು ಹೋದ.

ವಾರ ಕಳೆದು ಇದ್ದಿಲು ಬಸ್ಸು ಕೆಮ್ಮುತ್ತಾ ಕೋಲಾರ ದಾಟಿ ಬೆಂಗಳೂರು ಮುಟ್ಟಿತು. ಕಾಲೇಜಿನ ಕಲ್ಲಿನ ಕಂಬಗಳು, ಉದ್ದನೆಯ ಮೊಗಸಾಲೆ, ಎಲ್ಲೋ ಒಂದು ಗಂಟೆಯ ಸದ್ದು. ಎಚ್ಚರವೋ ಮಿಷನ್ನಿನ ಮುಂದಿನ ಮಧ್ಯಾಹ್ನವೋ ರಜಾಕನಿಗೆ ಗೊತ್ತಾಗಲೇ ಇಲ್ಲ. ಫೀಜು ಕಟ್ಟುವ ಕಿಟಕಿಯಲ್ಲಿ ಗುಮಾಸ್ತರು ತಲೆಯೆತ್ತದೆ ಕೇಳಿದರು, "ಮಗನ ಹೆಸರು?"

"ಮಗ ಅಲ್ಲ ಸ್ವಾಮಿ, ನಾನೇ. ಅಬ್ದುಲ್ ರಜಾಕ್."

ಗುಮಾಸ್ತರು ಈಗ ತಲೆಯೆತ್ತಿದರು. ಇವನ ಮೀಸೆ ನೋಡಿದರು, ಕೋಟು ನೋಡಿದರು. ಹಿಂದೆ ಸಾಲಿನಲ್ಲಿದ್ದ ಹುಡುಗರು ಕಿಸಕ್ಕೆಂದರು. "ಆಯ್ತಪ್ಪ. ಫೀಜು ಕಟ್ಟೋ ಪೋಷಕರು ಯಾರು?"

"ಜೈನಾಬ್ ಬೀ."

"ತಾಯಿಯವರೋ?"

"ಹೆಂಡ್ತಿ."

ಕಿಸಕ್ಕೆನ್ನುತ್ತಿದ್ದವರು ಈಗ ಜೋರಾಗಿಯೇ ನಕ್ಕರು. ಗುಮಾಸ್ತರೂ ನಗು ನುಂಗಿಕೊಂಡು, "ಪೋಷಕರ ಉದ್ಯೋಗ?" ಎಂದರು.

ರಜಾಕ್ ನಗಲಿಲ್ಲ, ತಲೆಯನ್ನೂ ತಗ್ಗಿಸಲಿಲ್ಲ. ಸಾಲಿನ ಕೊನೆಯವನಿಗೂ ಕೇಳುವ ಹಾಗೆ ಹೇಳಿದ: "ದರ್ಜಿ, ಸ್ವಾಮಿ. ಮುಳಬಾಗಿಲು ಪೇಟೆ ಬೀದೀಲಿ ಅಂಗಡಿ ಅವಳದು."