ದುರ್ಗವ್ವನ ಹುಳದ ಸಾರು

ದುರ್ಗವ್ವ ಮದುವೆಯಾಗಿ ಇಚಲಕರಂಜಿಗೆ ಬಂದಾಗ ತವರಿನಿಂದ ತಂದದ್ದು ಒಂದು ಕಂಬಳಿ, ಒಂದು ಮದ್ದು. ತವರು ಗಡಹಿಂಗ್ಲಜದ ಬದಿಗೆ, ಹಿರಣ್ಯಕೇಶಿ ದಂಡೆಯಲ್ಲಿ. ಅಲ್ಲಿ ಮಕ್ಕಳ ಎದೆಗೆ ಕಫ ಕಟ್ಟಿದರೆ ಹೊಳೆಯ ಬಸವನಹುಳು ಕುದಿಸಿ, ಬೆಳ್ಳುಳ್ಳಿ ಖಾರ ಹಾಕಿ ಸಾರು ಕುಡಿಸುತ್ತಿದ್ದರು. ಇಲ್ಲಿ ಪಂಚಗಂಗೆ ಇತ್ತು, ಹುಳುಗಳೂ ಇದ್ದವು. ಗಂಡ ಜೋತಿಬಾ ಮಗ್ಗದ ಕಾರ್ಖಾನೆಗೆ ಹೋದ ಮೇಲೆ ಇವಳು ಬುಟ್ಟಿ ಹಿಡಿದು ಹೊಳೆಗೆ ಇಳಿಯುತ್ತಿದ್ದಳು.

ನಮ್ಮದು ಅದೇ ಓಣಿಯ ಕಿರಾಣಿ ಅಂಗಡಿ, ಕೊರಳಲ್ಲಿ ಲಿಂಗ ಕಟ್ಟಿದ ಮನೆತನ. ಅವಳ ಒಲೆಯ ವಾಸನೆ ಬಂದರೆ ನಮ್ಮವ್ವ ಕಿಟಕಿ ಮುಚ್ಚುತ್ತಿದ್ದಳು. ನನ್ನ ತಮ್ಮ ಭೀಮಗೊಂಡನಿಗೆ ನಾಯಿಕೆಮ್ಮು ಬಂದಾಗ ಅದೇ ಅವ್ವ ಹಿತ್ತಲ ಬಾಗಿಲಿಂದ ತಂಬಿಗೆ ಕಳಿಸಿದಳು. ಆಚಾರಕ್ಕೂ ಕೆಮ್ಮಿಗೂ ಜಗಳ ಬಿದ್ದು ಕೆಮ್ಮು ಗೆದ್ದಿತ್ತು. ತಮ್ಮ ಆರಾಮಾದ, ದುರ್ಗವ್ವನ ಹೆಸರು ನಾಲ್ಕು ಓಣಿಗೆ ಹಬ್ಬಿತು.

೧೯೭೯ರ ಚಳಿಗಾಲದಲ್ಲಿ ಅವಳ ಮಗ ಕೃಷ್ಣಾತನಿಗೆ ಜ್ವರ ಬಂತು. ಇನ್ನೂ ಸಣ್ಣವನು. ಉಸಿರಾಡಿದಂತೆಲ್ಲ ಪಕ್ಕೆ ಒಳಗೆ ಸೇದುತ್ತಿತ್ತು. ಜೋತಿಬಾ ದವಾಖಾನೆಗೆ ಒಯ್ಯೋಣವೆಂದ.

"ಓಣಿ ಮಕ್ಕಳನ್ನೆಲ್ಲಾ ಆರಾಮ ಮಾಡೇನಿ, ನನ್ನ ಕೂಸಿಗೆ ಆಗಂಗಿಲ್ಲೇನ?" ಅಂದಳು ದುರ್ಗವ್ವ.

ಹೊತ್ತುಹೊತ್ತಿಗೆ ಸಾರು ಕುಡಿಸಿದಳು. ತುಟಿ ನೀಲಿಯಾದ ಮೇಲೆ ಕೊಲ್ಹಾಪುರಕ್ಕೆ ಒಯ್ದರು. ನ್ಯುಮೋನಿಯಾ, ಮೊದಲೇ ತರಬೇಕಿತ್ತು ಎಂದರು ಡಾಕ್ಟರು. ಹುಡುಗ ಅಲ್ಲೇ ತೀರಿಕೊಂಡ.

ದುರ್ಗವ್ವ ಅಳಲಿಲ್ಲ. ಅತ್ತಿದ್ದರೆ ನಮಗಾದರೂ ಹಗುರಾಗುತ್ತಿತ್ತು. ನೀರು ತಂದಳು, ರೊಟ್ಟಿ ಬಡಿದಳು, ಏನು ಕೇಳಿದರೂ ಹೌದ್ರಿ ಅಂದಳು. ಹೊಳೆಗೂ ಹೋದಳು. ಯಾರಾದರೂ ತಂಬಿಗೆ ಹಿಡಿದು ಬಂದರೆ ಸಾರು ಮಾಡಿಕೊಟ್ಟಳು, ಮುಖವನ್ನೂ ನೋಡದೆ.

ಮುಂದಿನ ಬೇಸಿಗೆಯಲ್ಲಿ ಕೊಲ್ಹಾಪುರದ ಕಾಲೇಜಿನ ಮಾಸ್ತರರು, ಕುಂಥುನಾಥ ಎಂಬವರು, ಅದೇ ಹುಳುಗಳನ್ನು ಬಾಟಲಿಗಳಲ್ಲಿ ತುಂಬಿಕೊಳ್ಳಲು ಹೊಳೆಗೆ ಬಂದರು. ನಾಂದಣಿಯ ಜೈನರು. ದುರ್ಗವ್ವ ಹುಳು ಆರಿಸುತ್ತಿದ್ದಳು, ನಾನೂ ಅಲ್ಲೇ ಬಟ್ಟೆ ಒಗೆಯುತ್ತಿದ್ದೆ.

"ಸಂಜಿ ಆದಮ್ಯಾಲ ಉಣ್ಣದವರು ನೀವು, ಹುಳ ಹ್ಯಾಂಗ ಹಿಡೀತೀರ್ರಿ ಸರ?" ಎಂದು ನಾನು ಕಾಡಿಸಿದೆ.

ಅವರು ನಗಲಿಲ್ಲ. ದುರ್ಗವ್ವನ ಬುಟ್ಟಿಯನ್ನೇ ನೋಡುತ್ತಿದ್ದರು.

"ಇವನ್ನ ತಿನ್ನಬ್ಯಾಡವ್ವಾ. ಕಾರ್ಖಾನಿ ಗಟಾರದಾಗಿನ ಸೀಸ, ಸತು ನೀರಾಗ ಕಣ್ಣಿಗೆ ಕಾಣಂಗಿಲ್ಲ. ಈ ಹುಳದ ಮೈಯಾಗ ಕೂಡಿಕೊಂತ ಹೋಗತೈತಿ. ಹೊಳಿ ಎಷ್ಟು ಕೆಟ್ಟೈತಿ ಅಂತ ತಿಳಿಯಾಕ ನಾವು ಇದನ್ನ ನೋಡ್ತೀವಿ."

"ಕೂಸಿಗೆ ಕುಡಿಸಿದರ?" ಅಂದಳು ದುರ್ಗವ್ವ.

"ಕುಡಿಸಬಾರದು."

"ಸಾಯ್ತಾವೇನ್ರಿ?"

"ಅದರಿಂದನ ಸತ್ತಾವ ಅಂತ ಹೇಳಾಕ ಬರಂಗಿಲ್ಲವ್ವಾ."

ದುರ್ಗವ್ವ ಬುಟ್ಟಿಯನ್ನು ನೀರಿಗೆ ಸುರಿದು ಮನೆಗೆ ನಡೆದಳು. ಮತ್ತೆ ಆ ಸಾರು ಮಾಡಲಿಲ್ಲ. ಯಾಕೆಂದು ಯಾರಿಗೂ ಹೇಳಲೂ ಇಲ್ಲ.

ಮಳೆಗಾಲದಲ್ಲಿ ಚನ್ನವ್ವ ಎಂಬವಳು ಕೂಸನ್ನು ಸೆರಗಿನಲ್ಲಿ ಮುಚ್ಚಿಕೊಂಡು ಅವಳ ಬಾಗಿಲಿಗೆ ಬಂದಳು. ಕಾಗಲದಿಂದ ಹೊಸದಾಗಿ ಬಂದವಳು, ಮದ್ದಿನ ಹೆಸರಷ್ಟೇ ಕೇಳಿದ್ದಳು. ಸೆರಗು ಸರಿಸಿದಾಗ ಕೂಸಿನ ಪಕ್ಕೆ ಒಳಗೆ ಸೇದುತ್ತಿದ್ದುದು ನಮ್ಮ ಅಂಗಡಿ ಕಟ್ಟೆಗೇ ಕಾಣುತ್ತಿತ್ತು.

"ಸಾರು ಕೊಡಂಗಿಲ್ಲ. ದವಾಖಾನಿಗೆ ನಡಿ," ಅಂದಳು ದುರ್ಗವ್ವ.

ಚನ್ನವ್ವನಿಗೆ ಸಿಟ್ಟು ನೆತ್ತಿಗೇರಿತು. "ಊರ ಮಕ್ಕಳಿಗೆಲ್ಲಾ ಕೊಟ್ಟೀಯಂತ. ನನ್ನ ಕೂಸು ನಿನಗೇನ ಮಾಡೇತಿ? ನಿನ್ನ ಮಗಗ ಕೊಟ್ಟಿದ್ದಿಲ್ಲೇನ?"



"ಕೊಟ್ಟಿದ್ದೆ," ಅಂದಳು ದುರ್ಗವ್ವ. "ಸತ್ತಾನ."

ಆ ಮಾತು ಅವಳ ಬಾಯಿಂದ ಬಂದದ್ದು ಅದೇ ಮೊದಲು. ದುರ್ಗವ್ವ ಚನ್ನವ್ವನ ಕೈಯಿಂದ ಕೂಸನ್ನು ತೆಗೆದುಕೊಂಡು, ಕಾಲಿಗೆ ಚಪ್ಪಲಿಯೂ ಇಲ್ಲದೆ, ದವಾಖಾನೆಯ ಕಡೆಗೆ ಓಡಿದಳು.