ಪೊಳ್ಳು ಶಾಫ್ಟಿನ ಹೆಮ್ಮೆ

ವಾಡಿಯಲ್ಲಿ ಪ್ಯಾಸೆಂಜರ್ ಗಾಡಿ ಹತ್ತಿದೆ. ಎದುರು ಸೀಟಿನ ಹುಡುಗಿಯ ತೊಡೆಯ ಮೇಲೆ ಪುಸ್ತಕವೊಂದು ತೆರೆದಿತ್ತು. ಪುಟದಲ್ಲಿ ಎರಡು ದುಂಡು ಚಿತ್ರ: ಒಂದು ತುಂಬಿದ್ದು, ಇನ್ನೊಂದು ನಡುವೆ ಖಾಲಿ. ಯಂತ್ರದಲ್ಲಿ ತಿರುಗುವ ಗಟ್ಟಿ ಶಾಫ್ಟು, ಪೊಳ್ಳು ಶಾಫ್ಟು. ಅವನ್ನು ಕಂಡರೆ ಈಗಲೂ ನನ್ನ ಬೆನ್ನು ತಾನಾಗಿ ನೆಟ್ಟಗಾಗುತ್ತದೆ. ಯಾಕೆಂದು ಹೇಳುತ್ತೇನೆ, ಕೇಳಿ.

ನಾನು ಚಿಂಚೋಳಿ ಕಡೆಯ ಒಕ್ಕಲುತನದ ಮನೆಯವಳು. ತೊಗರಿ ಕೇರುವಾಗ ಮೊರದಿಂದ ಹಾರಿಹೋಗುವುದೇ ನಮಗೆ ಪೊಳ್ಳು, ಕೆಲಸಕ್ಕೆ ಬಾರದ್ದು. ಹಾಗಾಗಿ ಶಹಾಬಾದಿನಲ್ಲಿ ಡಿಪ್ಲೊಮಾ ಓದುವಾಗ, ಎರಡರ ಹೊರಮೈಗೂ ಒಂದೇ ಸಮ ಒತ್ತಡ ಬೀಳುವಂತೆ ತಿರುಚಿದರೆ ಕಿಲೋ ಕಬ್ಬಿಣಕ್ಕೆ ಯಾವುದರಲ್ಲಿ ಶಕ್ತಿ ಹೆಚ್ಚು ಕೂಡುತ್ತದೆ ಎಂದು ಮೇಡಂ ಕೇಳಿದಾಗ, ಇಡೀ ತರಗತಿ ಗಟ್ಟಿಯದರಲ್ಲಿ ಎಂದು ಕೂಗಿತು. ನನ್ನ ದನಿಯೇ ಎಲ್ಲರಿಗಿಂತ ಜೋರು. ಮೇಡಂ ನಕ್ಕು, ತೊಗರಿಯನ್ನು ಸ್ವಲ್ಪ ಮರೆತುಬಿಡಿ ಎಂದರು.

ಸೇಡಂನವರಾದ ಮೇಡಂ ಲೆಕ್ಕವನ್ನು ಇಂಗ್ಲಿಷಿನಲ್ಲಿ ಬರೆದು ಅರ್ಥವನ್ನು ನಮ್ಮ ಮಾತಿನಲ್ಲಿ ಹೇಳುತ್ತಿದ್ದರು. ಮೌಖಿಕ ಪರೀಕ್ಷೆಗೆ ಹೊರಗಿನಿಂದ ಬಂದ ಸಾಹೇಬರಿಗೆ ಅದು ಸರಿಬರಲಿಲ್ಲ. ಹಳ್ಳಿ ಮಾತಿನಲ್ಲಿ ಕಲಿತವರಿಗೆ ವಿಷಯ ಎಲ್ಲಿ ತಿಳಿದೀತು ಎಂದು ನಮ್ಮೆದುರಿಗೇ ಅಂದುಬಿಟ್ಟರು. ಇಷ್ಟು ವರ್ಷ ಮೇಡಂ ಮಾಡಿದ ಪಾಠದ ಮಾನ ಆ ಹೊತ್ತು ನಮ್ಮ ಬಾಯಲ್ಲಿತ್ತು, ಮೊದಲ ಸರದಿ ನನ್ನದು.

ಸಾಹೇಬರು ಕೇಳಿದ್ದೂ ಅದೇ ಪ್ರಶ್ನೆ. ನನ್ನ ಬಾಯಿಪಾಠದ ಇಂಗ್ಲಿಷ್ ಎರಡನೇ ವಾಕ್ಯಕ್ಕೇ ಕೈಕೊಟ್ಟಿತು.

"ನಿನ್ನ ಮಾತಿನ್ಯಾಗೇ ಹೇಳವ್ವ," ಎಂದರು ಮೇಡಂ.

"ತಿರುವಿದ್ರ ಹೊರಮೈ ಕಬ್ಬಿಣ ಪೂರಾ ದುಡೀತದ್ರಿ," ಎಂದೆ. "ಗಟ್ಟೀದ್ರಾಗ ನಡುವಿಂದು ಕುಂತು ತಿಂತದ. ಪೊಳ್ಳಿನ್ಯಾಗ ಕುಂತು ತಿನ್ನೋದೇ ಇಲ್ಲ. ಅದಕ್ಕ ಹೊರಮೈಗೆ ಅಷ್ಟೇ ತ್ರಾಸು ಕೊಟ್ರ, ತೂಕಕ್ಕ ತೂಕ ಪೊಳ್ಳಿನ್ಯಾಗೇ ಶಕ್ತಿ ಜಾಸ್ತಿ."

ಎಷ್ಟು ಜಾಸ್ತಿ ಎಂದರು ಸಾಹೇಬರು. ಗೋಡೆ ತೀರ ತೆಳ್ಳಗಾದರೆ ಹತ್ತಿರಹತ್ತಿರ ಎರಡು ಪಟ್ಟು ಎಂದು ಹೇಳಿ, ಹಲಗೆಯ ಮೇಲೆ ಸೂತ್ರವನ್ನೂ ಬರೆದೆ. ಸಾಹೇಬರು ಅದನ್ನು ನೋಡಿದರೋ ಇಲ್ಲವೋ. 'ಕುಂತು ತಿಂತದ' ಎಂದು ತಮ್ಮಷ್ಟಕ್ಕೆ ಅಂದುಕೊಂಡು ನಕ್ಕರು. ಆಮೇಲೆ ಮೇಡಂ ಕಡೆ ತಿರುಗಿ, ಉಳಿದವರೂ ಹೀಗೇ ಹೇಳಲಿ ಎಂದರು. ಅವತ್ತು ನನಗೆ ಏರಿದ ಹೆಮ್ಮೆ, ಜಂಬ ಅಂದರೂ ಸರಿ, ಇನ್ನೂ ಇಳಿದಿಲ್ಲ.

ನಾಲವಾರ ಬಂತು. ಹುಡುಗಿ ಪುಸ್ತಕ ಮುಚ್ಚಿ ಎದ್ದಳು. ನನಗೆ ತಡೆಯಲಾಗಲಿಲ್ಲ. ಗಟ್ಟಿ ಶಾಫ್ಟಿನ ನಡುವಿನ ಕಬ್ಬಿಣ ಏನು ಮಾಡುತ್ತದವ್ವ ಎಂದು ಕೇಳಿದೆ.

"ಕುಂತು ತಿಂತದ್ರಿ," ಎಂದಳು ಥಟ್ಟನೆ.

ಹಾಗೆಂದು ಯಾರು ಕಲಿಸಿದರು ಎಂದೆ.

"ಯಾರ್ ಕಲಸಬೇಕ್ರಿ? ಎಲ್ಲಾರೂ ಹಂಗೇ ಅಂತಾರಲ್ರಿ."

ಅದು ನನ್ನ ಮಾತು ಎನ್ನಲು ಬಾಯಿ ತೆರೆದವಳು ಹಾಗೇ ಮುಚ್ಚಿಕೊಂಡೆ. ಗಾಡಿ ಬಿಡುವ ಮೊದಲೇ ಮೇಡಂಗೆ ಫೋನ್ ಹಚ್ಚಿದೆ.