ನಾನು ತೋರಿಸಿದ ಹಲ್ಲು

ನನ್ನ ಮಗಳ ಬಾಯಲ್ಲಿ ಬಲಗಡೆ ಕೆಳಗೆ ಒಂದು ದವಡೆಹಲ್ಲಿಲ್ಲ. ಅದಕ್ಕೆ ಹುಳುಕು ಕಾರಣವಲ್ಲ, ಕಿತ್ತ ಡಾಕ್ಟ್ರೂ ಕಾರಣವಲ್ಲ. ಕಾರಣ ನಾನು. ಇಷ್ಟು ವರ್ಷ ಇದನ್ನು ಯಾರ ಹತ್ತಿರವೂ ಸರಿಯಾಗಿ ಹೇಳಿಕೊಂಡಿಲ್ಲ.

ಐವತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ಐವರ್ನಾಡಿನ ಕಡೆಯ ಒಂದು ಶಾಲೆಯಲ್ಲಿ ಮಾಷ್ಟ್ರು. ಬೆತ್ತವನ್ನು ಶಾಲೆಯಲ್ಲೇ ಬಿಟ್ಟು ಬರುತ್ತಿದ್ದೆ, ಮಾಷ್ಟ್ರತನವನ್ನು ಮಾತ್ರ ಮನೆಗೆ ತರುತ್ತಿದ್ದೆ. ಸಂಜೆ ದೀಪ ಹಚ್ಚಿ ಭಜನೆ ಮುಗಿಸಿದ ಮೇಲೆ ಮಗಳನ್ನು ಎದುರು ಕೂರಿಸಿಕೊಂಡು ನೀತಿ ಹೇಳಬೇಕು, ಅವಳು ಅದನ್ನು ತಿರುಗಿ ಒಪ್ಪಿಸಬೇಕು. ತಂದೆತಾಯಿ ದೇವರ ಸಮಾನ. ದೊಡ್ಡವರು ಮಾತಾಡುವಾಗ ನಡುವೆ ಬಾಯಿ ಹಾಕಬಾರದು. ಅವರು ಹೇಳಿದ್ದನ್ನು ಅಲ್ಲ ಎನ್ನಬಾರದು. ಎಂಟು ವರ್ಷದ ಹುಡುಗಿ ಒಂದಕ್ಷರ ಬಿಡದೆ ಒಪ್ಪಿಸುತ್ತಿದ್ದಳು.

ನನಗೆ ಅಷ್ಟು ಸಾಕಾಗಲಿಲ್ಲ. ಒಮ್ಮೆ ಮನೆಗೆ ಬಂದ ನೆಂಟರ ಹತ್ತಿರ, ನಮ್ಮ ದನ ಮಂಗಳವಾರ ಕರು ಹಾಕಿತು ಎಂದೆ. ಬಾಗಿಲಲ್ಲಿ ನಿಂತಿದ್ದ ಮಗಳು, "ಅಲ್ಲ ಅಪ್ಪ, ಸೋಮವಾರ" ಎಂದಳು. ನೆಂಟರು ನಕ್ಕರು. ಅವರು ಹೋದ ಮೇಲೆ ಅವಳನ್ನು ದೇವರ ಕೋಣೆಗೆ ಕರೆದುಕೊಂಡು ಹೋಗಿ, ಅಡ್ಡಬೀಳಿಸಿ, ಇನ್ನು ಮುಂದೆ ಹಾಗೆ ಮಾಡುವುದಿಲ್ಲವೆಂದು ದೇವರ ಎದುರು ಹೇಳಿಸಿದೆ. ಅಳುತ್ತಲೇ ಹೇಳಿದಳು. ದನ ಕರು ಹಾಕಿದ್ದು ಸೋಮವಾರವೇ. ಅವಳನ್ನು ಅಡ್ಡಬೀಳಿಸುವಾಗ ನನಗೂ ಅದು ನೆನಪಾಗಿತ್ತು.

ಅದಾಗಿ ಕೆಲವು ತಿಂಗಳಿಗೆ ಅವಳಿಗೆ ಹಲ್ಲುನೋವು ಶುರುವಾಯಿತು. ಬಲಗೆನ್ನೆಗೆ ಅಂಗೈ ಒತ್ತಿಕೊಂಡು ಮೂಲೆ ಹಿಡಿಯುತ್ತಿದ್ದಳು. ಲವಂಗ ಆಯಿತು, ಉಪ್ಪುನೀರು ಆಯಿತು. ನೆರೆಮನೆಯ ಅಜ್ಜಿ ಬಂದು, ಬದನೆ ಬೀಜದ ಹೊಗೆ ಹಿಡಿಸಿದರೆ ಹುಳ ಉದುರುತ್ತದೆ ಎಂದರು. ಓದಿದವನೆಂಬ ಹಮ್ಮಿನಲ್ಲಿ ನಾನು ನಕ್ಕುಬಿಟ್ಟೆ. ಮರುದಿನ ಬೆಳಗ್ಗಿನ ಬಿಸಿಲಿಗೆ ಮಗಳನ್ನು ಅಂಗಳದಲ್ಲಿ ನಿಲ್ಲಿಸಿ ಬಾಯಿ ತೆರೆಸಿ ನೋಡಿದೆ. ಕೆಳಗಿನ ಒಂದು ದವಡೆಹಲ್ಲಿನ ನಡುವೆ ಕಪ್ಪು ಕುಳಿ ಕಂಡಿತು. ನನ್ನ ಲೆಕ್ಕದಲ್ಲಿ ಅಲ್ಲಿಗೆ ತನಿಖೆ ಮುಗಿಯಿತು.

"ಯಾವುದು ನೋಯುದು ಅಂತ ಅವಳನ್ನೇ ಒಮ್ಮೆ ಕೇಳಿ ನೋಡಿ" ಎಂದಳು ಹೆಂಡತಿ.

"ಕೇಳುದೆಂತ? ಕಣ್ಣಿಗೆ ಕಾಣುದಿಲ್ವಾ?"

"ನೀವು ಹಿಡಿದ ಮೊಲಕ್ಕೆ ಯಾವತ್ತಾದರೂ ನಾಲ್ಕು ಕಾಲು ಇತ್ತಾ?" ಎಂದು ಅವಳು ಒಳಗೆ ಹೋದಳು.

ಆಗ ಪುತ್ತೂರಿಗೆ ಮಂಗಳೂರಿನಿಂದ ಹಲ್ಲಿನ ಡಾಕ್ಟ್ರೊಬ್ಬರು ವಾರಕ್ಕೊಮ್ಮೆ ಬರುತ್ತಿದ್ದರು. ಪೇಟೆಯ ಜವಳಿ ಅಂಗಡಿಯೊಂದರ ಮಾಳಿಗೆಯಲ್ಲಿ ಅವರ ಕೋಣೆ. ಹೋಗುವಾಗ ಬಸ್ಸಿನಲ್ಲಿ ಮಗಳು, "ಕೀಳುವಾಗ ನೋಯ್ತದಾ ಅಪ್ಪ?" ಎಂದು ಕೇಳಿದಳು. "ಸ್ವಲ್ಪ ನೋಯ್ತದೆ. ದೇವರನ್ನು ನೆನೆಸಿಕೋ" ಎಂದೆ. ಮಗುವಿಗೆ ಸುಳ್ಳು ಹೇಳದ ತಂದೆ ನಾನು ಎಂದು ನನ್ನ ಬಗ್ಗೆ ನನಗೇ ಮೆಚ್ಚುಗೆಯಾಯಿತು.

ಡಾಕ್ಟ್ರು ಮಗಳನ್ನು ಎತ್ತರದ ಕುರ್ಚಿಯಲ್ಲಿ ಕೂರಿಸಿ, "ಯಾವುದು ಮಗಾ ನೋಯುದು?" ಎಂದರು. ಅವಳ ಬೆರಳು ಕೆನ್ನೆಯವರೆಗೆ ಎದ್ದಿತು. ಅಷ್ಟರಲ್ಲಿ ನಾನು ಹೇಳಿಯಾಗಿತ್ತು: "ಕೆಳಗಿನದ್ದು ಡಾಕ್ಟ್ರೇ, ಕುಳಿ ಬಿದ್ದದ್ದು." ಬೆರಳು ಮೆಲ್ಲಗೆ ಮಡಿಲಿಗೆ ಇಳಿಯಿತು.

ಡಾಕ್ಟ್ರು ಸಣ್ಣ ಕನ್ನಡಿ ಹಿಡಿದು ನೋಡಿದರು. "ಹುಳುಕು ಉಂಟು, ಹೌದು. ಆದರೆ ಇದು ಹಾಲುಹಲ್ಲಲ್ಲ ಮಾಷ್ಟ್ರೇ. ತೆಗೆದರೆ ಮತ್ತೆ ಬರುದಿಲ್ಲ. ನೋಯುದು ಇದೇ ಅಂತ ಸರಿಯಾಗಿ ಗೊತ್ತುಂಟಾ?"

"ಗೊತ್ತುಂಟು" ಎಂದೆ.

ಅವರು ಆ ಹಲ್ಲನ್ನು ಮೆತ್ತಗೆ ತಟ್ಟಿ, "ಇದೇ ಅಲ್ವಾ ಮಗಾ?" ಎಂದು ಅವಳನ್ನೂ ಕೇಳಿದರು. ಅವಳು ಹೌದೆಂದು ತಲೆಯಾಡಿಸಿದಳು.

ಇಂಜೆಕ್ಷನ್ ಕೊಟ್ಟರು, ಕಿತ್ತರು. ಅವಳು ಸ್ವರ ಎತ್ತಲಿಲ್ಲ. ಕಣ್ಣೀರು ಎರಡೂ ಕಡೆಯಿಂದ ಕಿವಿಗೆ ಇಳಿಯುತ್ತಿತ್ತು, ಅಷ್ಟೆ. ಇಂಥ ಮಗುವನ್ನು ಕಂಡೇ ಇಲ್ಲ ಎಂದರು ಡಾಕ್ಟ್ರು. ದಿನವೂ ಸಂಜೆ ಕೂರಿಸಿ ಕಲಿಸಿದ್ದಕ್ಕೆ ಸಾರ್ಥಕವಾಯಿತು ಎಂದು ನಾನು ಒಳಗೊಳಗೇ ಬೀಗಿದೆ.

ಮೂರು ದಿನ ಬರೀ ಗಂಜಿ ಕುಡಿದಳು. ಗಾಯ ಮಾಯಬೇಕಲ್ಲ ಎಂದುಕೊಂಡೆವು. ನಾಲ್ಕನೆಯ ದಿನ ಅಡುಗೆಮನೆಯಲ್ಲಿ ತಾಯಿ ಏನು ಕೇಳಿದಳೋ, ಹೇಗೆ ಕೇಳಿದಳೋ. ನಾನು ಜಗಲಿಯಲ್ಲಿ ಶಾಲೆಯ ಮಕ್ಕಳ ಪುಸ್ತಕ ತಿದ್ದುತ್ತಿದ್ದೆ. ಹೆಂಡತಿ ಹೊರಗೆ ಬಂದು, "ನೋಯುದು ಮೇಲಿನದ್ದಂತೆ. ಸುರುವಿನಿಂದಲೂ ಮೇಲಿನದ್ದೇ ಅಂತೆ" ಎಂದಳು. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಮಗಳನ್ನು ಕರೆದೆ. "ಅದಲ್ಲ ಅಂತ ಅಲ್ಲಿಯೇ ಹೇಳುದಲ್ವಾ ಮಗಾ?"

"ನೀವು ಅದೇ ಅಂತ ಹೇಳಿ ಆಗಿತ್ತಲ್ವಾ ಅಪ್ಪ" ಎಂದಳು. ದೂರುವ ಸ್ವರ ಅಲ್ಲವೇ ಅಲ್ಲ. ಸಂಜೆ ಪಾಠ ಒಪ್ಪಿಸುತ್ತಿದ್ದ ಅದೇ ಸ್ವರ.

ಬಾಯಿ ತೆರೆಸಿ ಮತ್ತೆ ನೋಡಿದೆ. ಮೇಲಿನ ಎರಡು ಹಲ್ಲುಗಳ ಸಂದಿಯಲ್ಲಿ, ಹುಡುಕಿದರೆ ಮಾತ್ರ ಕಾಣುವಂಥ ತೂತು. ತೂತು ಬಿದ್ದದ್ದು ಹಾಲುಹಲ್ಲಿಗೆ, ಒಂದೆರಡು ವರ್ಷದಲ್ಲಿ ತಾನಾಗಿಯೇ ಬಿದ್ದು ಹೋಗುವಂಥದ್ದು. ಬಿದ್ದು ಹುಟ್ಟುವ ಹಲ್ಲನ್ನು ಬಾಯಲ್ಲಿ ಉಳಿಸಿ, ಜೀವಮಾನಕ್ಕೆ ಒಂದೇ ಸಲ ಬರುವ ಹಲ್ಲನ್ನು ಕೀಳಿಸಿ ಬಂದಿದ್ದೆ.

ಆ ಸಂಜೆ ಭಜನೆಗೆ ಕೂತಾಗ ನನಗೆ ಒಂದು ವಿಷಯ ಹೊಳೆಯಿತು. ದೇವರ ಎದುರು ನಾವು ನಮ್ಮ ನಮ್ಮ ನೋವನ್ನು ನಾವೇ ಹೇಳಿಕೊಳ್ಳುತ್ತೇವೆ. ದೇವರು ಎಂದೂ ನಡುವೆ ಬಾಯಿ ಹಾಕುವುದಿಲ್ಲ, ನಿನಗೆ ನೋಯುವುದು ಅಲ್ಲಲ್ಲ ಇಲ್ಲಿ ಎನ್ನುವುದಿಲ್ಲ, ಮುಗಿಯುವವರೆಗೆ ಕೇಳುತ್ತಾನೆ. ದೇವರ ಸಮಾನ ಎಂದು ಮಗುವಿನ ಬಾಯಲ್ಲಿ ದಿನವೂ ಹೇಳಿಸಿಕೊಂಡ ನಾನು ಅಷ್ಟನ್ನೂ ಕಲಿತಿರಲಿಲ್ಲ. ಅವಳಿಗೆ ಕಲಿಸಿದ್ದು ಭಕ್ತಿ ಎಂದುಕೊಂಡಿದ್ದೆ. ಕಲಿಸಿದ್ದು ಹೆದರಿಕೆ. ನಾಚಿಕೆಯಾಯಿತು.

ಮುಂದಿನ ವಾರ ಪುನಃ ಪುತ್ತೂರಿಗೆ ಹೋದೆವು. ನನ್ನ ತಪ್ಪನ್ನು ಡಾಕ್ಟ್ರಿಗೆ ಮೊದಲೇ ಹೇಳಿದೆ. ಈ ಸಲ ಬಾಯಿ ಬಿಡಬಾರದೆಂದು ನಿಶ್ಚಯಿಸಿ ಗೋಡೆಯ ಹತ್ತಿರ ಹೋಗಿ ನಿಂತೆ. ಡಾಕ್ಟ್ರು ಬಗ್ಗಿ, "ಯಾವುದು ಮಗಾ ನೋಯುದು?" ಎಂದರು. ಅವಳು ಕುತ್ತಿಗೆ ತಿರುಗಿಸಿ ನನ್ನ ಮುಖ ನೋಡಿದಳು. ಡಾಕ್ಟ್ರು ಇನ್ನೊಮ್ಮೆ ಕೇಳಿದರು. ಅವಳು ನನ್ನನ್ನೇ ನೋಡುತ್ತಿದ್ದಳು.

"ನೀನೇ ಹೇಳು ಮಗಾ" ಎಂದೆ.

"ಎಂತ ಹೇಳ್ಬೇಕು ಅಪ್ಪ?" ಎಂದು ಕೇಳಿದಳು.